ಜಪಾನಣ್ಣ ಕೇಳಿದ ಗಾಡಿ

ಹಳೆಯ ಬೈಕು ಮಾರುವವರು ನಮ್ಮಲ್ಲಿ ಒಂದು ಮಾತು ಹೇಳುತ್ತಿದ್ದರು: "ಇದು ಜಪಾನಣ್ಣ ಕೇಳಿದ ಗಾಡಿ." ಅಷ್ಟು ಹೇಳಿದರೆ ಸಾಕು, ಕೊಳ್ಳುವವರು ಮರುಪ್ರಶ್ನೆ ಹಾಕುತ್ತಿರಲಿಲ್ಲ. ಟೈರು ಸವೆದಿರಲಿ, ಬಣ್ಣ ಕಿತ್ತುಹೋಗಿರಲಿ, ಜಪಾನಣ್ಣ ಎಂಜಿನ್ನಿಗೆ ಸ್ಕ್ರೂಡ್ರೈವರಿನ ತುದಿ ಊರಿ, ಅದರ ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಂತು, "ಗಟ್ಟಿಯಾಗಿದೆ" ಅಂದಿದ್ದರೆ ವ್ಯಾಪಾರ ಮುಗಿದ ಹಾಗೆ.

ಜಪಾನಣ್ಣ ನನ್ನ ದೊಡ್ಡಪ್ಪ. ಜಪಾನನ್ನು ಅವರು ನಕ್ಷೆಯಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿದವರಲ್ಲ. ನಕ್ಷೆಯಲ್ಲೂ ಮೊದಲ ಸಲ ಬೆರಳಿಟ್ಟದ್ದು ಬೇರೆ ಯಾವುದೋ ದ್ವೀಪದ ಮೇಲೆ ಎಂದು ದೊಡ್ಡಮ್ಮ ನಗುತ್ತಿದ್ದರು.

ಹದಿನೆಂಟನೇ ವಯಸ್ಸಿನಲ್ಲಿ ಅವರು ಒಂದು ಲೇತ್ ಅಂಗಡಿಯಲ್ಲಿದ್ದರು. ಆಗಿನ ಬೈಕುಗಳು ನಿಂತ ಕಡೆಯೆಲ್ಲ ಎಣ್ಣೆ ಸೋರುತ್ತಿದ್ದವು. ರಿಪೇರಿಗೆ ಬಂದ ಗಾಡಿಯ ಕೆಳಗೆ ತಗಡಿನ ತಟ್ಟೆ ಇಟ್ಟೇ ಬಾಗಿಲು ಹಾಕುವುದು ರೂಢಿ. ಒಂದು ದಿನ ಯಾರೋ ಜಪಾನಿನ ಪುಟ್ಟ ಬೈಕೊಂದನ್ನು ಬಿಟ್ಟುಹೋದರು. ಬೆಳಿಗ್ಗೆ ನೋಡಿದರೆ ತಟ್ಟೆಯಲ್ಲಿ ಒಂದು ತೊಟ್ಟೂ ಇಲ್ಲ. ಒಳಗೆ ಎಣ್ಣೆಯೇ ಇಲ್ಲವೆಂದುಕೊಂಡು ದೊಡ್ಡಪ್ಪ ಡಬ್ಬಿ ತಂದು ಸುರಿದರು. ಅದು ಮೇಲಿನಿಂದ ಉಕ್ಕಿ ಅವರ ಚಪ್ಪಲಿಯ ಮೇಲೆ ಹರಿಯಿತು. "ಆವತ್ತೇ ನಾನು ಅವರ ಮನೆ ಆಳಾದೆ" ಎಂದು ಅವರು ಎಲ್ಲರಿಗೂ ಹೇಳುತ್ತಿದ್ದರು.

ಆ ಕಂಪನಿಯ ಏಜೆನ್ಸಿ ನಮ್ಮಲ್ಲಿ ಶುರುವಾದಾಗ ಅದರ ಯಜಮಾನರು ಮೊದಲು ಸೇರಿಸಿಕೊಂಡ ಮೆಕ್ಯಾನಿಕ್ ಅವರೇ. ಬಿಡಿಭಾಗಗಳ ಪೆಟ್ಟಿಗೆಯೊಳಗೆ ಕಂಪನಿ ಹುಟ್ಟಿದ ಕಥೆಯ ಒಂದು ಚಿತ್ರಪುಸ್ತಕ ಬಂದಿತ್ತು. ಆಫೀಸಿನ ಟೈಪಿಸ್ಟ್ ಅದನ್ನು ಓದಿ ಹೇಳಿದರಂತೆ. ಅದನ್ನು ದೊಡ್ಡಪ್ಪ ಬಾಯಿಪಾಠ ಮಾಡಿಕೊಂಡು, ಎಣ್ಣೆ ಬದಲಾಯಿಸಲು ಬಂದವರಿಗೂ ಬಿಡದೆ ಒಪ್ಪಿಸುತ್ತಿದ್ದರು.

"ಯುದ್ಧ ಮುಗಿದು ಊರುಗಳೆಲ್ಲ ಸುಟ್ಟು ಬೂದಿ ಆಗಿತ್ತು ಸ್ವಾಮಿ. ಬಸ್ಸಿಲ್ಲ, ಪೆಟ್ರೋಲಿಲ್ಲ. ಮಿಲಿಟರಿಯೋರ ಹತ್ರ ಉಳಿದಿದ್ದ ಪುಟಾಣಿ ಎಂಜಿನ್ ತಂದು ಸೈಕಲ್ಲಿಗೆ ಕಟ್ಟಿದ್ರು. ಆಮೇಲೆ ತಮ್ಮದೇ ಬೈಕು. ರೇಸಿಗೆ ಹೋದ್ರೆ ಬಿಳಿಯೋರೆಲ್ಲ ನಕ್ರು. ಎರಡೇ ವರ್ಷ. ಅದೇ ರೇಸಲ್ಲಿ ಗೆದ್ದು ಬಂದ್ರು. ಬೈಕು ಸಾಲದು ಅಂತ ಕಾರೂ ಮಾಡಿದ್ರು. ಕಾರು ಬೇಡ ಅಂತ ಅವರ ಸರ್ಕಾರನೇ ಹೇಳಿತ್ತು, ಗೊತ್ತಾ?"

"ಅಣ್ಣ, ನಂಗೆ ಡ್ಯೂಟಿಗೆ ಹೊತ್ತಾಯ್ತು."

"ಜಪಾನಿನ ಗಾಡಿ ಇದ್ಮೇಲೆ ಹೊತ್ತಾಗೋದು ಹೇಗೆ?"

ಅವರ ಕೈಕೆಳಗೆ ಕಲಿಯುವುದು ಸುಲಭವಾಗಿರಲಿಲ್ಲ. ಎಂಜಿನ್ನಿನ ತಲೆಯ ಮೇಲೆ ವಾಲ್ವುಗಳನ್ನು ಒತ್ತುವ ಟ್ಯಾಪೆಟ್ ಅನ್ನುವ ಭಾಗ ಇರುತ್ತದೆ. ಅದಕ್ಕೂ ವಾಲ್ವಿಗೂ ನಡುವಿನ ಸಂದಿ ಇಷ್ಟೇ ಇರಬೇಕು ಎಂದು ಕಂಪನಿ ಅಳತೆ ಕೊಟ್ಟಿದೆ. ಕೂದಲಿನಷ್ಟು ತೆಳುವಾದ ಉಕ್ಕಿನ ಪಟ್ಟಿಗಳ ಗೇಜು ತೂರಿಸಿ ಅದನ್ನು ನೋಡಬೇಕು. ದೊಡ್ಡಪ್ಪ ಗೇಜು ಮುಟ್ಟಿದವರಲ್ಲ. ಕಿವಿಯಲ್ಲೇ ಕೇಳಿ ಸರಿಮಾಡುತ್ತಿದ್ದರು. ಕಂಪನಿ ಕಡೆಯಿಂದ ಪಾಠ ಹೇಳಲು ಬಂದವನು, "ಫ್ಯಾಕ್ಟರಿಯಲ್ಲಿ ಪ್ರತಿಯೊಂದನ್ನೂ ಅಳೀತಾರೆ" ಅಂದಾಗ, "ಅಳೆಯೋದು ಟೈಲರ್ ಕೆಲಸ" ಎಂದು ಎಲ್ಲರನ್ನೂ ನಗಿಸಿ ಅವನನ್ನು ಕಳಿಸಿದರು.

ದೊಡ್ಡಮ್ಮನ ತಮ್ಮನನ್ನೂ ಅವರೇ ಕೆಲಸಕ್ಕೆ ಸೇರಿಸಿದ್ದರು. ಅವನಿಗೆ ಆ ಸದ್ದು ಹಿಡಿಯುತ್ತಿರಲಿಲ್ಲ. ತಪ್ಪಿದಾಗಲೆಲ್ಲ ಸ್ಪ್ಯಾನರಿನಿಂದ ಬೆರಳ ಗೆಣ್ಣಿಗೆ ಬೀಳುತ್ತಿತ್ತು. ಅವನು ಕದ್ದು ಒಂದು ಗೇಜು ತಂದಿಟ್ಟುಕೊಂಡಿದ್ದು ಸಿಕ್ಕಿಬಿದ್ದಾಗ ದೊಡ್ಡಪ್ಪ ಅದನ್ನು ಹಳೆ ಎಣ್ಣೆಯ ಡ್ರಮ್ಮಿಗೆ ಎಸೆದು, "ಕೈ ಹಾಕಿ ಹುಡುಕೋ ಕಿವುಡ" ಅಂದರು. ಅವನು ಭುಜದವರೆಗೆ ಕೈಯಿಳಿಸಿ ಹುಡುಕಿದ. ಕಿವುಡ ಅನ್ನುವ ಹೆಸರು ಅವನಿಗೆ ಹನ್ನೆರಡು ವರ್ಷ ಅಂಟಿಕೊಂಡಿತ್ತು.

ನಿಜವಾಗಿ ಕಿವಿ ಹೋದದ್ದು ದೊಡ್ಡಪ್ಪನಿಗೆ. ಯಜಮಾನರಿಗೆ ರೇಸಿನ ಹುಚ್ಚು ಇದ್ದಾಗ ಸೈಲೆನ್ಸರ್ ಕಳಚಿದ ಎಂಜಿನ್ನುಗಳ ಪಕ್ಕ ದಿನಗಟ್ಟಲೆ ತಲೆ ಇಟ್ಟು ಕೂತಿದ್ದರಲ್ಲ, ಅದರ ಫಲ ಎಂದು ಡಾಕ್ಟರು ಹೇಳಿದರು. ಮೊದಲು ಗೊತ್ತಾದದ್ದು ದೊಡ್ಡಮ್ಮನಿಗೆ. ಕುಕ್ಕರು ಆರು ಸಲ ಕೂಗಿದರೂ ಅದರ ಮುಂದೆಯೇ ನಿಂತು ಗಡ್ಡ ಕೆರೆದುಕೊಳ್ಳುತ್ತಿದ್ದರಂತೆ.

"ಯಾರ ಹತ್ರನೂ ಬಾಯಿ ಬಿಡಬೇಡ" ಅಂದರು ದೊಡ್ಡಪ್ಪ. "ಗೊತ್ತಾದ್ರೆ ಗೇಟಿನಿಂದ ಆಚೆ ಹಾಕ್ತಾರೆ. ನಂಗೆ ಇನ್ನೇನು ಬರುತ್ತೆ ಹೇಳು?"

ಅಲ್ಲಿಂದ ಎರಡು ವರ್ಷ ಅವರು ಹೆಸರು ಉಳಿಸಿಕೊಂಡದ್ದು ಹಲ್ಲಿನಿಂದ. ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಬದಲು ಹಲ್ಲಿನ ನಡುವೆ ಕಚ್ಚಿ ಹಿಡಿದರೆ ಎಂಜಿನ್ನಿನ ನಡುಕ ದವಡೆಗೆ ಹತ್ತುತ್ತದೆ. "ಇದು ಇನ್ನೂ ಸೂಕ್ಷ್ಮ" ಎಂದು ಜನರಿಗೆ ಹೇಳಿದರು. ಜನ ಮತ್ತಷ್ಟು ಬೆರಗಾದರು. ಮಾತಾಡುವವರ ತುಟಿ ನೋಡಿ ಉತ್ತರ ಕೊಡುವುದನ್ನು ಮನೆಯಲ್ಲಿ ದೊಡ್ಡಮ್ಮನನ್ನು ಎದುರಿಗೆ ಕೂರಿಸಿಕೊಂಡು ಕಲಿತರು. ದೊಡ್ಡಮ್ಮ ಒಂದೇ ಒಂದು ಸಲ ಬಾಯಿ ಬಿಟ್ಟದ್ದು, ಅದೂ ತಮ್ಮನ ಹತ್ತಿರ, ಅಳುತ್ತಾ, "ನಿಮ್ಮ ಭಾವನ್ನ ಸ್ವಲ್ಪ ನೋಡ್ಕೊಳ್ಳೋ" ಎಂದು.

ಅವನು ನೋಡಿಕೊಂಡ.

ಆ ಮಧ್ಯಾಹ್ನ ನಾನು ಅಲ್ಲಿರಲಿಲ್ಲ. ಇದ್ದ ಮೂವರನ್ನು ಬೇರೆಬೇರೆಯಾಗಿ ಕೇಳಿದ್ದೇನೆ, ಮೂವರೂ ಒಪ್ಪಿದ್ದನ್ನಷ್ಟೇ ಬರೆಯುತ್ತೇನೆ. ಗಾಡಿಗಳನ್ನು ಎತ್ತಿ ನಿಲ್ಲಿಸುವ ಕಬ್ಬಿಣದ ಕಟ್ಟೆಯ ಮೇಲೆ ಎರಡು ಬೈಕು ಅಕ್ಕಪಕ್ಕ ಇದ್ದವು. ಒಂದು ಓಡುತ್ತಿತ್ತು. ಇನ್ನೊಂದನ್ನು ಚಾಲೂ ಮಾಡಿಯೇ ಇರಲಿಲ್ಲ. ಭಾಮೈದ ಆ ಓಡದ ಬೈಕಿನ ಆಕ್ಸಿಲರೇಟರ್ ಹಿಡಿದು ತಿರುಗಿಸುತ್ತಾ ಭಾವನನ್ನು ಕರೆದ. ಉಳಿದ ಮೆಕ್ಯಾನಿಕ್‌ಗಳು ಕೈ ಒರೆಸಿಕೊಳ್ಳುತ್ತಾ ಸುತ್ತ ನಿಂತರು.

"ಭಾವ, ಇದೊಂದು ಸ್ವಲ್ಪ ಕೇಳಿ. ನಮಗ್ಯಾರಿಗೂ ಹಿಡೀತಿಲ್ಲ."

ದೊಡ್ಡಪ್ಪ ಸ್ಕ್ರೂಡ್ರೈವರನ್ನು ಅಂಗಿಗೆ ಒರೆಸಿ, ತುದಿಯನ್ನು ಆ ಸತ್ತ ಎಂಜಿನ್ನಿಗೆ ಊರಿ, ಹಿಡಿಯನ್ನು ಕಚ್ಚಿದರು. ಪಕ್ಕದ ಬೈಕಿನ ನಡುಕ ಕಟ್ಟೆಯ ಕಬ್ಬಿಣದಲ್ಲಿ ಹರಿದು ಬಂದು ಅವರ ದವಡೆ ಸೇರಿತು. ಕಣ್ಣು ಮುಚ್ಚಿದರು. ಯಾರೂ ನಗಲಿಲ್ಲ. ನಗಬಾರದೆಂದು ಮೊದಲೇ ಮಾತಾಗಿತ್ತು.

"ಎಕ್ಸಾಸ್ಟ್ ವಾಲ್ವು ಬಿಗಿ ಇದೆ" ಅಂದರು. "ಚೂರು ಸಡಿಲ ಮಾಡು."

ಭಾಮೈದ ಬಗ್ಗಿ ಯಾವುದೋ ಸ್ಕ್ರೂ ತಿರುಗಿಸಿದಂತೆ ನಟಿಸಿದ. "ಈಗ?"

"ಇನ್ನೊಂಚೂರು."

"ಈಗ, ಭಾವ?"

"ಹ್ಞಾ. ಈಗ ನೋಡು ಹೇಗೆ ಹಾಡ್ತಿದೆ. ಜಪಾನು ಅಂದ್ರೆ ಇದು. ನಿನ್ನ ಗೇಜು ಇದನ್ನ ಹೇಳುತ್ತಾ?"

ಭಾಮೈದ ಅಂಗಿಯ ಜೇಬಿನಿಂದ ಆ ಎಂಜಿನ್ನಿನ ಸ್ಪಾರ್ಕ್ ಪ್ಲಗ್ ತೆಗೆದು ಅಂಗೈಯಲ್ಲಿಟ್ಟು ಅವರ ಮುಖದ ಮುಂದೆ ಹಿಡಿದ. ಪ್ಲಗ್ ಇಲ್ಲದ ಎಂಜಿನ್ ಹಾಡುವುದಿಲ್ಲ ಎಂದು ದೊಡ್ಡಪ್ಪನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆಗ ಎಲ್ಲರೂ ನಕ್ಕರು. ಒಬ್ಬ ನೆಲದ ಮೇಲೆ ಕೂತೇಬಿಟ್ಟ. ದೊಡ್ಡಪ್ಪ ಒಬ್ಬೊಬ್ಬರ ಬಾಯನ್ನೂ ನೋಡಿದರಂತೆ, ಯಾರಾದರೂ ಏನಾದರೂ ಮಾತಾಡುತ್ತಿದ್ದಾರೋ ಎಂದು. ಭಾಮೈದ ಮಾತ್ರ ನಗದೆ, ತುಟಿ ನಿಧಾನವಾಗಿ ಬಿಡಿಸಿ, ಅವರಿಗೆ ಅರ್ಥವಾಗುವಂತೆ ಒಂದೇ ಪದ ಹೇಳಿದ. ಅದು ಅವರೇ ಅವನಿಗೆ ಕೊಟ್ಟಿದ್ದ ಹೆಸರು.

ಯಜಮಾನರು ತೀರಿಕೊಂಡು ಆಗ ಮಗನ ಆಡಳಿತ. ಅವನು ಗಾಜಿನ ಕೋಣೆಯಿಂದ ಎಲ್ಲ ನೋಡಿದ್ದ. ಒಳಗೆ ಕರೆಸಿ, ಒಂದು ಜಾಬ್ ಕಾರ್ಡಿನ ಹಿಂಬದಿಯಲ್ಲಿ ಬರೆದು ತೋರಿಸಿದ: "ತೆಗೆದುಹಾಕಲ್ಲ. ನಿಮ್ಮ ಹೆಸರಿಗೆ ಜನ ಬರ್ತಾರೆ. ಗೇಟಿನ ಹತ್ತಿರ ಕುರ್ಚಿ ಹಾಕಿಸ್ತೀನಿ. ನಿಮ್ಮ ಭಾಮೈದ ಹೇಳಿದ ಹಾಗೆ ಹೇಳಿ."

ಹಾಗೆ ದೊಡ್ಡಪ್ಪ ಹೊಸ ಸಮವಸ್ತ್ರದಲ್ಲಿ ಗೇಟಿನ ಪಕ್ಕ ಕೂತರು. ಭಾಮೈದ ಹಿಂದೆ ನಿಲ್ಲುತ್ತಿದ್ದ. ಭುಜಕ್ಕೆ ಒಂದು ತಟ್ಟು ಅಂದರೆ "ಗಟ್ಟಿಯಾಗಿದೆ", ಎರಡು ಅಂದರೆ "ಬಿಟ್ಟುಹೋಗಿ, ಕೆಲಸ ಇದೆ". ಗಿರಾಕಿಗಳು ಮೊದಲಿನಂತೆಯೇ ಕೈಕಟ್ಟಿ ಕಾದರು. ಕೆಲವರು ಫೋಟೊ ತೆಗೆದರು. ಒಳಗಿನವರಿಗೆ ಅದೊಂದು ಆಟವಾಯಿತು. ಹಿಂದಿನಿಂದ ಹೋಗಿ ಸುಮ್ಮನೆ ಭುಜ ತಟ್ಟುವುದು, ಗಾಡಿಯೇ ಇಲ್ಲದ ಕಡೆ ಅವರು "ಗಟ್ಟಿಯಾಗಿದೆ" ಅನ್ನುವುದನ್ನು ಕೇಳುವುದು.

ಆದರೂ ದೊಡ್ಡಪ್ಪ ಎಂಜಿನ್ನುಗಳನ್ನು ನೋಡುವುದು ಬಿಡಲಿಲ್ಲ. ಈಗ ಎಚ್ಚರ ಹೆಚ್ಚಾಗಿತ್ತು. ಮೊದಲು ಸೀಟಿನ ಮೇಲೆ ಅಂಗೈ ಇಟ್ಟು ಅದೇ ಗಾಡಿ ಓಡುತ್ತಿದೆಯೇ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ಕಚ್ಚುತ್ತಿದ್ದರು.

ಒಂದು ಬೆಳಿಗ್ಗೆ ಆಸ್ಪತ್ರೆಯ ನರ್ಸ್ ಒಬ್ಬರು ತಮ್ಮ ಬೈಕು ತಂದರು. ಮೂರು ವಾರದ ಹಿಂದೆ ಭಾಮೈದನೇ ಅದರ ಎಂಜಿನ್ ಬಿಚ್ಚಿ ಜೋಡಿಸಿದ್ದ. ವೇಗವಾಗಿ ಹೋದರೆ ಕಾಲಡಿಯಲ್ಲಿ ಏನೋ ಗುರ್ ಅನ್ನುತ್ತದೆ ಎಂದರು. ದೊಡ್ಡಪ್ಪ ಅಂಗೈ ಇಟ್ಟರು, ಕಚ್ಚಿದರು. ದವಡೆಗೆ ಮರಳು ಅಗಿದಂತೆ ಬಂತು. ಆಕ್ಸಿಲರೇಟರ್ ತಿರುಗಿಸಿದರೆ ಮರಳು ಜಾಸ್ತಿಯಾಯಿತು. ಎಂಜಿನ್ನಿನ ಹೊಟ್ಟೆಯೊಳಗಿನ ದೊಡ್ಡ ಬೇರಿಂಗ್ ಸಾಯುತ್ತಿತ್ತು. ಅದು ಹಿಡಿದುಕೊಂಡರೆ ಓಡುವಾಗಲೇ ಹಿಂದಿನ ಚಕ್ರ ನಿಂತುಬಿಡುತ್ತದೆ. ಅವರಿಗೆ ಒಂದಿಷ್ಟೂ ಅನುಮಾನವಿರಲಿಲ್ಲ.

ಭುಜಕ್ಕೆ ಒಂದು ತಟ್ಟು ಬಿತ್ತು.

ಅವರು ತಿರುಗಿ ನೋಡಿದರು. ಭಾಮೈದ ನರ್ಸಿನ ಕಡೆ ನಗುತ್ತಲೇ ಇನ್ನೊಮ್ಮೆ, ಜೋರಾಗಿ, ಒಂದೇ ತಟ್ಟು ತಟ್ಟಿದ. ತಾನು ಸಹಿ ಹಾಕಿ ಕಳಿಸಿದ ಎಂಜಿನ್ನು ಮೂರೇ ವಾರಕ್ಕೆ ಕೆಟ್ಟಿದೆ ಎಂದು ಒಪ್ಪಿಕೊಳ್ಳಲು ಅವನು ತಯಾರಿರಲಿಲ್ಲ. ಗಾಜಿನ ಕೋಣೆಯಲ್ಲಿ ಯಜಮಾನರ ಮಗ ಕೂತಿದ್ದ. ಕುರ್ಚಿ ಉಳಿಯಬೇಕಾದರೆ ಹೇಳಬೇಕಾದ ಮಾತು ಯಾವುದೆಂದು ದೊಡ್ಡಪ್ಪನಿಗೆ ಗೊತ್ತಿತ್ತು.

"ಗಟ್ಟಿಯಾಗಿದೆ ಸಿಸ್ಟರ್" ಅಂದರು. "ಜಪಾನು. ಇನ್ನೂ ಹತ್ತು ವರ್ಷ ಓಡುತ್ತೆ."

"ನೀವು ಹೇಳಿದ್ಮೇಲೆ ಆಯ್ತು ಬಿಡಿ" ಎಂದು ನರ್ಸ್ ಹೊರಟರು.

ನಾಲ್ಕನೇ ದಿನ ಸೇತುವೆಯ ಇಳಿಜಾರಿನಲ್ಲಿ ಚಕ್ರ ನಿಂತಿತು. ಬಲಗೈ ಎರಡು ಕಡೆ ಮುರಿಯಿತು. ಬೆರಳುಗಳು ಮತ್ತೆ ಸರಿಯಾಗಿ ಮಡಚುವುದಿಲ್ಲ, ಇನ್ನು ಸೂಜಿ ಹಿಡಿಯುವುದು ಕಷ್ಟ ಎಂದು ಅವರದೇ ಆಸ್ಪತ್ರೆಯಲ್ಲಿ ಹೇಳಿದರು.

ಯಜಮಾನರ ಮಗ ತಡಮಾಡಲಿಲ್ಲ. ಗೇಟಿಗೆ ಒಂದು ನೋಟೀಸು ಅಂಟಿಸಿದ. ನಮ್ಮ ಹಳೆಯ ನೌಕರರೊಬ್ಬರು ತಮಗೆ ಕಿವಿ ಕೇಳಿಸದ ಸಂಗತಿಯನ್ನು ಮುಚ್ಚಿಟ್ಟಿದ್ದರು, ಅವರನ್ನು ಕೆಲಸದಿಂದ ಬಿಡಿಸಲಾಗಿದೆ, ಇನ್ನು ಮುಂದೆ ಎಲ್ಲ ತಪಾಸಣೆಯೂ ಅಳತೆಯ ಪ್ರಕಾರವೇ ನಡೆಯುತ್ತದೆ ಎಂದು ಅದರಲ್ಲಿತ್ತು. ಕೆಳಗೆ ಭಾಮೈದನ ಸಹಿ, ಹೆಡ್ ಮೆಕ್ಯಾನಿಕ್ ಎಂದು. ಕೇಳಿದವರಿಗೆ ಅವನು, "ಏನ್ ಮಾಡೋದು, ಅಕ್ಕನ ಗಂಡ ಅಂತ ಸುಮ್ನಿದ್ದೆ. ಕಿವುಡರ ಮಾತು ನಂಬಿ ಪಾಪ ಆಯಮ್ಮ ಕೈ ಕಳ್ಕೊಂಡ್ರು" ಅನ್ನುತ್ತಿದ್ದ. ಕಂಪನಿಯ ಹೆಸರಿಗೆ ಒಂದು ಗೀರೂ ಬೀಳಲಿಲ್ಲ. ಹಳೆ ಬೈಕು ಮಾರುವವರು ಈಗ ಬೇರೆ ಮಾತು ಹುಡುಕಿಕೊಂಡರು. ಎಣ್ಣೆ ಸೋರುವ ಗಾಡಿ ಕಂಡರೆ, "ಜಪಾನಣ್ಣ ಕೇಳಿದ್ದಿರಬೇಕು" ಎಂದು ಕಣ್ಣು ಹೊಡೆಯುತ್ತಿದ್ದರು.

ದೊಡ್ಡಪ್ಪ ನೋಟೀಸನ್ನು ನಿಂತು ಓದಿದರು. ಕೆಲಸ ಹೋದದ್ದಕ್ಕೆ ಅವರು ಅತ್ತದ್ದನ್ನು ದೊಡ್ಡಮ್ಮ ನೋಡಿಲ್ಲ. ಅವರನ್ನು ಕೊರೆದದ್ದು ಬೇರೆ. ಆ ಬೇರಿಂಗ್ ತಮಗೆ ತಿಳಿಯಲಿಲ್ಲ ಎಂದು ಊರೆಲ್ಲ ನಂಬಿತ್ತಲ್ಲ, ಅದು. ಹದಿನೈದು ದಿನ ಊಟದ ತಟ್ಟೆಯ ಮುಂದೆ ಅದನ್ನೇ ಹೇಳಿದರು. "ನಂಗೆ ಗೊತ್ತಾಗಿತ್ತು ಕಣೇ. ಮರಳು ಮರಳು ಅಂತ ಬಂತು. ನಂಗೆ ಗೊತ್ತಾಗದೆ ಇರುತ್ತಾ?"

ಕೊನೆಗೆ ಒಂದು ಭಾನುವಾರ ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ದೊಡ್ಡಮ್ಮನನ್ನು ಕರೆದುಕೊಂಡು ನರ್ಸಿನ ಮನೆಗೆ ಹೋದರು. ಬಾಗಿಲು ತೆರೆದವರು ಅವರೇ. ಬಲಗೈ ಪಟ್ಟಿಯಲ್ಲಿತ್ತು, ಚಿಲಕ ತೆಗೆದದ್ದು ಎಡಗೈಯಲ್ಲಿ. ಇವರನ್ನು ಕಂಡು ಸಿಟ್ಟಾಗಲಿಲ್ಲ. ಕುರ್ಚಿಯ ಮೇಲಿನ ಬಟ್ಟೆ ಸರಿಸಿ, ಕೂತುಕೊಳ್ಳಿ ಎಂದು ಸನ್ನೆ ಮಾಡಿದರು.

ದೊಡ್ಡಪ್ಪ ಕೂರಲಿಲ್ಲ. "ಸಿಸ್ಟರ್, ಒಂದು ಮಾತು ಹೇಳಿ ಹೋಗೋಣ ಅಂತ ಬಂದೆ. ಆವತ್ತು ನಂಗೆ ತಿಳೀಲಿಲ್ಲ ಅಂದ್ಕೋಬೇಡಿ. ಕಚ್ಚಿ ಹಿಡಿದ ಕೂಡ್ಲೇ ತಿಳೀತು. ದೊಡ್ಡ ಬೇರಿಂಗ್ ಹೋಗ್ತಿತ್ತು. ಚಕ್ರ ಹಿಡ್ಕೊಳ್ಳುತ್ತೆ ಅನ್ನೋದೂ ಗೊತ್ತಿತ್ತು. ಗಟ್ಟಿ ಇದೆ ಅಂತ ಸುಳ್ಳು ಹೇಳ್ದೆ. ಆದ್ರೆ ತಿಳಿದಿತ್ತು."

ನರ್ಸ್ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು ಮಾತಾಡಿದರು. ತುಟಿ ಕಾಣದ್ದರಿಂದ ದೊಡ್ಡಪ್ಪನಿಗೆ ಏನೂ ಸಿಗಲಿಲ್ಲ. ದೊಡ್ಡಮ್ಮನಿಗೆ ಎಲ್ಲ ಕೇಳಿಸಿತು.

"ಪಾಪ, ವಯಸ್ಸಾದೋರು, ಕಿವಿ ಬೇರೆ ಇಲ್ಲ ಅಂತ ನಾನು ಕಂಪ್ಲೇಂಟೇ ಕೊಟ್ಟಿರಲಿಲ್ಲ. ಮನೆಯೋರು ಬೈದ್ರೂ ಕೊಟ್ಟಿರಲಿಲ್ಲ. ಗೊತ್ತಿದ್ದೂ ಕಳಿಸಿದ್ರಾ? ನಾಳೆ ಸ್ಟೇಷನ್ನಿಗೆ ಹೋಗ್ತೀನಿ. ಇವರ ಹೆಸರೇ ಬರೆಸ್ತೀನಿ. ಕರ್ಕೊಂಡು ಹೋಗಮ್ಮ."

ಮೆಟ್ಟಿಲಿಳಿದು ಬೀದಿಗೆ ಬಂದಮೇಲೆ ದೊಡ್ಡಪ್ಪ ದೊಡ್ಡಮ್ಮನ ಮುಂದೆ ಬಂದು ನಿಂತರು, ಅವರ ತುಟಿ ಕಾಣುವ ಹಾಗೆ.

"ಏನಂದ್ರು?"

ದೊಡ್ಡಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು.

"ನಂಬಿದ್ರಾ? ನಂಗೆ ತಿಳಿದಿತ್ತು ಅನ್ನೋದನ್ನ ನಂಬಿದ್ರಾ?"

ದೊಡ್ಡಮ್ಮ ಹೌದೆಂದು ತಲೆ ಆಡಿಸಿದರು. ದೊಡ್ಡಪ್ಪ ಅಂಗಿಯ ಕಾಲರು ಸರಿಮಾಡಿಕೊಂಡು ಮನೆಯ ಕಡೆ ತಿರುಗಿದರು. ಎಷ್ಟೋ ದಿನಗಳ ಮೇಲೆ ಅವರು ದೊಡ್ಡಮ್ಮನಿಗಿಂತ ನಾಲ್ಕು ಹೆಜ್ಜೆ ಮುಂದೆ, ಕೈ ಬೀಸಿಕೊಂಡು ನಡೆದರು.