ಕಣ್ಣಿನ ಮೇಡಂ ಹೇಳದ ಮಾತು

ಮೊನ್ನೆ ಪುತ್ತೂರಿಗೆ ಕಣ್ಣು ತೋರಿಸಲು ಹೋಗಿದ್ದೆ. ಒಬ್ಬಳು ಹುಡುಗಿ ನನ್ನ ಮುಚ್ಚಿದ ರೆಪ್ಪೆಯ ಮೇಲೆ ತಣ್ಣಗಿನ ಲೋಳೆ ಹಚ್ಚಿ, ಪೆನ್ನಿನಂತಹ ಒಂದನ್ನು ಒತ್ತಿ ಹಿಡಿದಳು. ಹೆದರಬೇಡಿ ಅಜ್ಜಿ, ಒಳಗೆ ಹೇಗುಂಟು ಎಂದು ನೋಡಲಿಕ್ಕೆ ಎಂದಳು. ನನಗೆಂತ ಹೆದರಿಕೆ? ಅವಳು ಹುಟ್ಟುವ ಮೊದಲೇ ಆ ತಣ್ಣಗಿನದು ನನ್ನ ಕಣ್ಣಿಗೆ ಎಷ್ಟೋ ಸಲ ತಾಗಿದೆ. ಹಾಗೆ ಮಲಗಿದ್ದಾಗಲೇ ಕಣ್ಣಿನ ಮೇಡಂ ನೆನಪಾದರು...

ಎಂಬತ್ತೆರಡೋ ಎಂಬತ್ತಮೂರೋ ಇರಬೇಕು. ನಾನಾಗ ಸುಳ್ಯದಲ್ಲಿ, ಸಾಲು ಕೋಣೆಗಳ ಒಂದು ಬಿಡಾರದಲ್ಲಿದ್ದೆ. ಗಂಡ ತೀರಿಹೋಗಿದ್ದರು. ಮಗನನ್ನು ಕಾಣಿಯೂರಿನ ತಮ್ಮನ ಮನೆಯಲ್ಲಿ ಶಾಲೆಗೆ ಬಿಟ್ಟಿದ್ದೆ. ನಾನು ಬೀಡಿ ಕಟ್ಟಿಕೊಂಡು ಒಬ್ಬಳೇ ಇದ್ದೆ. ಪಕ್ಕದ ಕೋಣೆಗೆ ಘಟ್ಟದ ಮೇಲಿನಿಂದ ಈ ಮೇಡಂ ಬಂದರು. ಮೂವತ್ತು ತುಂಬಿರಲಿಲ್ಲ. ಸಾಮಾನೆಂದರೆ ಒಂದು ಟ್ರಂಕು, ಕಟ್ಟು ಕಟ್ಟು ಪುಸ್ತಕ, ಮತ್ತೆ ಕಂಬಳಿಯಲ್ಲಿ ಸುತ್ತಿದ ದೊಡ್ಡ ರೇಡಿಯೋದಷ್ಟಿನ ಒಂದು ಪೆಟ್ಟಿಗೆ.

ಅವರು ಡಾಕ್ಟ್ರಲ್ಲ. ಪಿಎಚ್‌ಡಿಗೆ ಓದುತ್ತಿದ್ದರು. ನಾಲ್ಕನೇ ಕ್ಲಾಸಿನ ನನಗೆ ಅದು ತಲೆಗೆ ಹೋಗಲು ದಿನ ಹಿಡಿಯಿತು. ಪೊರೆ ಬಲಿತು ಬೆಳ್ಳಗಾದ ಕಣ್ಣಿಗೆ ಡಾಕ್ಟ್ರು ಎಷ್ಟು ದೀಪ ಹಿಡಿದರೂ ಒಳಗಿನದು ಕಾಣುವುದಿಲ್ಲ. ಹಿಂದಿನ ಪರದೆ ಸರಿ ಉಂಟೋ, ಕಿತ್ತು ಹೋಗಿದೆಯೋ ತಿಳಿಯದೆ ಆಪರೇಶನ್ ಮಾಡುತ್ತಾರೆ. ಮೇಡಂ ಅವರ ಪೆಟ್ಟಿಗೆ ಕಣ್ಣಿನೊಳಗೆ ಶಬ್ದ ಕಳಿಸುತ್ತಿತ್ತು. ನಮಗೆ ಕೇಳದ ಶಬ್ದ. ಅದು ತಿರುಗಿ ಬಂದದ್ದು ಗಾಜಿನ ಮೇಲೆ ಹಸಿರು ಗೆರೆಯಾಗಿ ಏಳುತ್ತಿತ್ತು. ಆ ಗೆರೆಯ ಫೋಟೋ ತೆಗೆದು ಪುಸ್ತಕಕ್ಕೆ ಅಂಟಿಸಬೇಕು. ಅಂತಹ ಕಣ್ಣು ಸಾಕಷ್ಟು ಸಿಕ್ಕಿದರೆ ಅವರ ಓದು ಮುಗಿಯುತ್ತದೆ, ಮುಂದೆ ಕಣ್ಣು ಕೊಯ್ಯುವವರಿಗೂ ಕುರುಡು ಕೆಲಸ ತಪ್ಪುತ್ತದೆ. ಇಷ್ಟು ನನಗೆ ಅರ್ಥವಾಗಿತ್ತು.

ಅವರಿಗೆ ತುಳು ಬಾರದು, ಇಲ್ಲಿಯ ಗೌಡರ ಅರೆಭಾಷೆ ಬಾರದು, ಗಡಿಯ ಹತ್ತಿರದ ಮಲಯಾಳವಂತೂ ಇಲ್ಲವೇ ಇಲ್ಲ. ನನಗೆ ಮೂರೂ ಬರುತ್ತಿತ್ತು. ಹಾಗೆ ಭಾನುವಾರ ಮೊರದಂತಹ ಬೀಡಿಯ ಗೆರಸೆ ಬದಿಗಿಟ್ಟು ಅವರ ಜೊತೆ ಬಸ್ಸು ಹತ್ತಲು ಶುರು ಮಾಡಿದೆ. ಕರೆಂಟು ಇರುವ ಕಡೆಗೇ ಹೋಗಬೇಕು. ಎಲ್ಲೋ ಶಾಲೆ, ಎಲ್ಲೋ ಅಕ್ಕಿ ಮಿಲ್ಲಿನ ಜಗಲಿ. ಮೊದಲು ನಾನು ಮಲಗಿ ನನ್ನ ಕಣ್ಣಿಗೆ ಪೆಟ್ಟಿಗೆಯ ಆ ತಣ್ಣಗಿನ ಪೆನ್ನು ಇಡಿಸಿಕೊಳ್ಳಬೇಕು, ನೋವಿಲ್ಲವೆಂದು ಜನರಿಗೆ ತೋರಿಸಲು. ಬಿಡಾರದ ಹೆಂಗಸರು ನಗಾಡುತ್ತಿದ್ದರು. ನಿಮ್ಮ ಮೇಡಮ್ಮಿಗೆ ಮದುವೆ ಇಲ್ವಂತಾ ಎಂದು ಒಬ್ಬಳು ಕೇಳಿದಾಗ, "ಗಂಡು ಬಂದ್ರೆ ಮೊದಲು ಅವನ ಕಣ್ಣಿಗೇ ಪೆಟ್ಟಿಗೆ ಇಡ್ತಾರೆ ಮಾರಾಯ್ತಿ, ಯಾರು ನಿಲ್ತಾನೆ?" ಎಂದಿದ್ದೆ. ಮೇಡಂ ಗೋಡೆಯಾಚೆ ಕೇಳಿಸಿಕೊಂಡು ನಕ್ಕದ್ದು ನನಗೆ ಕೇಳಿತ್ತು.

ನಗು ಅಪರೂಪ ಅವರಿಗೆ. ಕುಚ್ಚಲಕ್ಕಿ ಅನ್ನ ಹೊಟ್ಟೆಗೆ ಹಿಡಿಯದೆ ಸ್ಟವ್ವಿನಲ್ಲಿ ಎರಡು ಚಪಾತಿ ಸುಟ್ಟು ಒಬ್ಬರೇ ತಿನ್ನುತ್ತಿದ್ದರು. ಊರಿನಿಂದ ಕಾಗದ ಬರುತ್ತಿರಲಿಲ್ಲ. ಮನೆಯವರಿಗೆ ಇಷ್ಟವಿಲ್ಲದ ಓದು ಎಂದು ಒಮ್ಮೆ ಹೇಳಿದ್ದರು, ಅಷ್ಟೇ. ಸಂಜೆ ನನ್ನ ಬಾಗಿಲಲ್ಲಿ ಬಂದು ಕೂರುವರು, ಹೊಗೆಸೊಪ್ಪಿನ ಹುಡಿಗೆ ಸೀನುವರು, ಆದರೂ ಏಳರು. ಮಾತಾಡಲು ನಮಗೆ ಎಂತದೂ ಇರಲಿಲ್ಲ. ನಾನು ಎಲೆ ಕತ್ತರಿಸುತ್ತಿದ್ದೆ, ಅವರು ಗೆರೆಗಳ ಫೋಟೋ ನೋಡುತ್ತಿದ್ದರು...

ಮಂಡೆಕೋಲಿಗೆ ಹೋದ ದಿನ ಮಿಲ್ಲಿನ ಜಗಲಿಗೆ ಒಬ್ಬ ಅಜ್ಜಿಯನ್ನು ಮಗ ಕರೆತಂದು ಬಿಟ್ಟು, ಅಂಗಡಿಯ ಕಡೆ ಹೋದ. ಅಜ್ಜಿ ತಲೆಗೆ ಮಿಂದು, ಮದುವೆಗೆ ಹೊರಟವರಂತೆ ಒಳ್ಳೆಯ ಸೀರೆ ಉಟ್ಟಿದ್ದರು. ಒಂದು ಕಣ್ಣು ಪೂರಾ ಬಿಳಿ. ಮೇಡಂ ತುಂಬ ಹೊತ್ತು ನೋಡಿದರು. ನಡುವೆ ಏಳಬಾರದ ಕಡೆ ಗೆರೆ ಎದ್ದಿತ್ತು. ನನಗೂ ಅಷ್ಟು ಗೊತ್ತಾಗುತ್ತಿತ್ತು ಆಗ. ಮೇಡಂ ನನ್ನ ಹತ್ತಿರ ಸ್ಪಷ್ಟ ಹೇಳಿದರು. ಒಳಗಿನ ಪರದೆ ಕಿತ್ತು ಹೋಗಿದೆ, ಈ ಕಣ್ಣಿಗೆ ಯಾವತ್ತೂ ಆಪರೇಶನ್ ಮಾಡಿಸಬಾರದು, ಮಾಡಿಸಿದರೆ ಕಾಣುವುದೂ ಇಲ್ಲ, ಇನ್ನೂ ಕೆಡುತ್ತದೆ, ಹಾಗೇ ಹೇಳಿ ಎಂದು. ಪುಸ್ತಕದಲ್ಲೂ ಅದನ್ನೇ ಬರೆದುಕೊಂಡರು.

ಅಜ್ಜಿ ನನ್ನ ಕೈ ಹಿಡಿದುಕೊಂಡು ಕಾಯುತ್ತಿದ್ದರು.

ಬಾಯಿ ಜೋರು ಎಂದು ನನ್ನನ್ನು ಊರೇ ಹೇಳುತ್ತದೆ. ಆದರೆ ವಯಸ್ಸಾದವರ ಮುಖಕ್ಕೆ ಇನ್ನು ಆಗುವುದಿಲ್ಲ ಎಂದು ಹೇಳುವ ಕ್ರಮ ನಮ್ಮಲ್ಲಿಲ್ಲ. ಬರುವ ವರ್ಷಕ್ಕೆ ತಳ್ಳುತ್ತಾರೆ. ನಾನೂ ತುಳುವಿನಲ್ಲಿ, ಈ ವರ್ಷ ಬೇಡವಂತೆ, ಬರುವ ವರ್ಷ ಮಾಡಿಸುವ ಎಂದುಬಿಟ್ಟೆ. ಅಜ್ಜಿಯ ಮುಖ ಅರಳಿತು. ಬರುವ ವರ್ಷಕ್ಕೆ ಈ ಮುದುಕಿ ಇರುವುದಿಲ್ಲ ಎಂದು ನಾನು ಅಂದಾಜು ಮಾಡಿದ್ದೆ. ಸುಳ್ಳು ಯಾಕೆ, ಹಾಗೇ ಅಂದುಕೊಂಡದ್ದು.

ಮುದುಕಿ ಇದ್ದರು. ದಿನ ಎಣಿಸಿಕೊಂಡೇ ಇದ್ದರು. ಮರುವರ್ಷ ಮಗ ಎಲ್ಲಿಗೋ ಕರೆದುಕೊಂಡು ಹೋಗಿ ಆ ಕಣ್ಣಿಗೆ ಆಪರೇಶನ್ ಮಾಡಿಸಿದ. ಒಳಗೆ ಎಂತ ಉಂಟೆಂದು ಅಲ್ಲಿಯವರಿಗೆ ಕಾಣುವ ದಾರಿ ಇರಲಿಲ್ಲ. ಕಣ್ಣು ಕಾಣಲಿಲ್ಲ, ಊದಿತು, ನೋವು ತಡೆಯಲಾಗದೆ ಕೊನೆಗೆ ಗುಡ್ಡೆಯನ್ನೇ ತೆಗೆದರು.

ಮಗ ಸುಳ್ಯಕ್ಕೆ ಬಂದು ನಮ್ಮ ಅಂಗಳದಲ್ಲಿ ನಿಂತ. ಬೊಬ್ಬೆ ಹಾಕಲಿಲ್ಲ. ಮೇಡಂಗೆ ತಿಳಿಯುವ ಹಾಗೆ ಕನ್ನಡದಲ್ಲೇ ಕೇಳಿದ. "ಒಂದು ವರ್ಷ ಕಳೆದು ಮಾಡಿಸಿ ಅಂತ ನೀವೇ ಹೇಳಿದ್ದಲ್ವಾ? ನನ್ನ ಅಮ್ಮ ನಿಮ್ಮ ಹೆಸರಲ್ಲಿ ದೇವರಿಗೆ ದೀಪ ಇಡ್ತಾ ಇದ್ರು."

ಮೇಡಂ ಒಳಗಿನಿಂದ ಪುಸ್ತಕ ತಂದು ಆ ಅಜ್ಜಿಯ ಹಾಳೆ ತೆಗೆದರು. ಓದಿದರು. ಆಮೇಲೆ ನನ್ನನ್ನು ನೋಡಿದರು. ನಾನು ಗೆರಸೆಯಲ್ಲಿ ಬೀಡಿ ಸುತ್ತುತ್ತಲೇ ಇದ್ದೆ, ತಲೆ ಎತ್ತಲಿಲ್ಲ. ಅವರು ಪುಸ್ತಕ ಮುಚ್ಚಿ ಅವನಿಗೆ, ತಪ್ಪು ನನ್ನದು, ನಿಮ್ಮ ಮಾತು ಕಲಿಯದೆ ಬಂದದ್ದು ನನ್ನ ತಪ್ಪು ಎಂದರು.

ಸುದ್ದಿ ಊರೂರು ನಡೆಯಿತು. ಆ ಪೆಟ್ಟಿಗೆ ಇಟ್ಟರೆ ಕಣ್ಣು ಹೋಗುತ್ತದೆ ಎಂದಾಯಿತು. ಮೇಡಂ ಒಬ್ಬರೇ ಪೆಟ್ಟಿಗೆ ಹೊತ್ತು ಬಸ್ಸು ಹತ್ತುವರು. ನನ್ನನ್ನು ಕರೆಯಲಿಲ್ಲ. ಚೀಟಿಯಲ್ಲಿ ಬರೆದುಕೊಂಡ ನಾಲ್ಕು ತುಳು ಮಾತನ್ನು ಗೋಡೆಯಾಚೆ ಗಟ್ಟಿಯಾಗಿ ಓದುವುದು ಕೇಳುತ್ತಿತ್ತು. ಉಚ್ಚಾರ ಪೂರಾ ತಪ್ಪು. ನಾನು ತಿದ್ದಲಿಲ್ಲ. ಸಂಜೆಗೆ ಹೋದ ಹಾಗೇ ಬರುವರು. ಒಂದು ಕಣ್ಣೂ ಸಿಕ್ಕಿರುತ್ತಿರಲಿಲ್ಲ. ನನ್ನ ಬಾಗಿಲಲ್ಲಿ ಕೂರುವುದೂ ನಿಂತಿತು.

ಮಳೆಗಾಲ ಹಿಡಿಯುವ ಮೊದಲು ಬಿಡಾರ ಖಾಲಿ ಮಾಡಿದರು. ಹೊರಡುವಾಗ ಬಾಗಿಲಿಗೆ ಬಂದು, "ಅಕ್ಕಾ, ಅವತ್ತು ಆ ಅಜ್ಜಿಗೆ ನೀವು ಏನು ಹೇಳಿದ್ರಿ?" ಎಂದು ಕೇಳಿದರು. ಸಿಟ್ಟು ಇರಲಿಲ್ಲ, ಸುಮ್ಮನೆ ಕೇಳಿದ್ದು.

"ನೀವು ಹೇಳಿದ್ದನ್ನೇ ಹೇಳಿದ್ದು," ಎಂದೆ.

"ಸರಿ," ಎಂದರು. ಆಟೋ ಹತ್ತಿದರು.

ಆಮೇಲೆ ಆ ಕೋಣೆಗೆ ಯಾರು ಯಾರೋ ಬಂದು ಹೋದರು. ಸಂಜೆ ನನ್ನ ಬಾಗಿಲಲ್ಲಿ ಕೂರುವವರು ಯಾರೂ ಇರಲಿಲ್ಲ. ಒಬ್ಬಳೇ ಇದ್ದು ಅಭ್ಯಾಸ ಇದ್ದದ್ದೇ, ಆದರೂ ಎಷ್ಟೋ ದಿನ ಯಾರಾದರೂ ಸೀನಿದರೆ ತಲೆ ಎತ್ತುತ್ತಿದ್ದೆ...

ನನಗೀಗ ಎಪ್ಪತ್ತೈದು ದಾಟಿತು. ಅವರ ಓದು ಮುಗಿಯಿತೋ ಇಲ್ಲವೋ, ಬದುಕಿದ್ದಾರೋ ಇಲ್ಲವೋ ತಿಳಿಯದು. ಪುತ್ತೂರಿನ ಆ ಹುಡುಗಿಯ ಹತ್ತಿರ ವಿಚಾರಿಸಿದೆ. ಯಾವ ಊರಿನವರು ಅಜ್ಜಿ ಎಂದಳು. ಘಟ್ಟದ ಮೇಲೆ ಎಂದೆ. ಯಾವ ಊರು ಎಂದು ನಾನು ಅವರನ್ನು ಒಮ್ಮೆಯೂ ಕೇಳಿರಲಿಲ್ಲ. ಮೊಮ್ಮಗಳು, ಪತ್ರಿಕೆಗೆ ಬರೆದು ಕಳಿಸಿ ಅಜ್ಜಿ, ಅವರೇ ಓದಬಹುದು ಎನ್ನುತ್ತಾಳೆ. ಓದಿದರೂ ಮಂಡೆಕೋಲಿನ ಅಜ್ಜಿಯ ಕಣ್ಣು ಬರುವುದಿಲ್ಲ, ಮೇಡಂ ಕಳಕೊಂಡ ಆ ವರ್ಷಗಳೂ ಬರುವುದಿಲ್ಲ. ಆದರೂ ಬರೆದಿದ್ದೇನೆ. ಮೇಡಂ, ಪುಸ್ತಕದಲ್ಲಿ ನೀವು ಬರೆದದ್ದು ಸರಿ ಇತ್ತು. ಸುಳ್ಳು ಹೇಳಿದ್ದು ನಾನು, ಎರಡು ಸಲ.