ಕೆಂಪು ಕಾರಿನ ಟಾಪು ಮುರಿದವನು

ಆ ಕೆಂಪು ಕಾರಿನ ಟಾಪು ಮುರಿದದ್ದು ಯಲ್ಲಪ್ಪನಲ್ಲ, ನಾನು. ಈ ಒಂದು ಮಾತು ಬಾಯಿಂದ ಹೊರಬರಲು ಇಷ್ಟು ವರ್ಷ ಬೇಕಾದವು. ಹಾಗಾದರೆ ಅಂದು ಸುಳ್ಳು ಹೇಳಿದೆಯಾ ಎಂದು ಕೇಳಿದರೆ — ಇಲ್ಲ, ಒಂದಕ್ಷರ ಸುಳ್ಳೂ ಹೇಳಲಿಲ್ಲ. ನನ್ನನ್ನು ಹೆಚ್ಚು ಕಾಡುವುದು ಅದೇ.

ದಾಂಡೇಲಿಯಲ್ಲಿ ಹಳಿಯಾಳ ರಸ್ತೆಯ ಮೇಲೆ ನನ್ನ ಗ್ಯಾರೇಜಿದೆ. ಬರುವವು ಜೀಪು, ಪಿಕಪ್ಪು, ಕಟ್ಟಿಗೆ ಹೇರುವ ಲಾರಿ. ಅಂಥಲ್ಲಿಗೆ ಒಂದು ಮಳೆಗಾಲದ ಬೆಳಿಗ್ಗೆ ಎರಡೇ ಸೀಟಿನ, ನೆಲಕ್ಕಂಟಿದಂಥ ಒಂದು ಕಾರು ಬಂತು. ಹಳಿಯಾಳದ ಸಾವಕಾರರು ಗೋವಾದಿಂದ ಹಳೆಯದನ್ನೇ ಕೊಂಡು ತಂದಿದ್ದರು. ಬಟನ್ ಒತ್ತಿದರೆ ಬಟ್ಟೆಯ ಟಾಪು ತಾನೇ ಎದ್ದು, ಮಡಚಿಕೊಂಡು, ಹಿಂದಿನ ಡಿಕ್ಕಿಯೊಳಗೆ ಹೋಗಿ ಮಲಗುವ ಕಾರು. ಆ ದಿನ ಮಾತ್ರ ಟಾಪು ಅರ್ಧಕ್ಕೇ ನಿಂತುಬಿಟ್ಟಿತ್ತು. ಓಡಿಸಿಕೊಂಡು ಬಂದವನು ಸಾವಕಾರರ ಡ್ರೈವರ್ ಯಲ್ಲಪ್ಪ. ಡಿಕ್ಕಿಯಲ್ಲಿದ್ದ ತೆಂಗಿನಕಾಯಿ ಚೀಲವನ್ನು ಇಳಿಸಿ ಮೂಲೆಗಿಟ್ಟು, "ಸಾವಕಾರ್ರು ಸಂಜೀಕ ಬರ್ತಾರ ಮಿಸ್ತ್ರಿ, ಹುಷಾರಿಲೆ ನೋಡ್ರಿ" ಎಂದು ಹೇಳಿ ಪೇಟೆಗೆ ಹೋದ.

ರೋಗ ಸಣ್ಣದೇ ಇತ್ತು. ಟಾಪಿನ ಮೇಲೆ ಬಿದ್ದ ಮಳೆನೀರು ಹರಿದುಹೋಗಲು ಎರಡೂ ಬದಿಗೆ ತೂತುಗಳಿರುತ್ತವೆ. ಎಲೆ ಸಿಕ್ಕಿ ಅವು ಕಟ್ಟಿಕೊಂಡಿದ್ದವು. ನೀರು ತುಂಬಿ, ಟಾಪು ಎತ್ತುವ ಪಂಪಿನ ಮೋಟರು ತೊಯ್ದಿತ್ತು. ಎಲೆ ತೆಗೆದೆ, ಮೋಟರು ಬಿಚ್ಚಿ ಒಣಗಿಸಿ ಕೂಡಿಸಿದೆ. ಮಧ್ಯಾಹ್ನದ ಹೊತ್ತಿಗೆ ಟಾಪು ಹೂವಿನ ಹಾಗೆ ಎದ್ದಿತು, ಮಲಗಿತು. ಕೆಲಸ ಮುಗಿದಿತ್ತು. ನಾನು ಕೈ ತೊಳೆದುಕೊಂಡು ಊಟಕ್ಕೆ ಹೋಗಬೇಕಿತ್ತು. ಹೋಗಿದ್ದರೆ —

ಆದರೆ ನನಗೆ ನೋಡಬೇಕೆನಿಸಿತು. ಇಷ್ಟು ದೊಡ್ಡ ಟಾಪು ಅಷ್ಟು ಸಣ್ಣ ಜಾಗದಲ್ಲಿ ಅಡಗುವುದಾದರೂ ಹೇಗೆ? ಅದರ ಚೌಕಟ್ಟಿನ ಯಾವ ತೋಳು ಮೊದಲು ಬಾಗುತ್ತದೆ, ಡಿಕ್ಕಿಯ ಮುಚ್ಚಳ ಅದಕ್ಕೆ ದಾರಿ ಬಿಡುವುದು ಯಾವಾಗ? ಚಿಕ್ಕಂದಿನಲ್ಲಿ ಅಪ್ಪನ ಅಲಾರಂ ಗಡಿಯಾರ ಬಿಚ್ಚಿ ಹೊಡೆತ ತಿಂದವನು ನಾನು. ಡಿಕ್ಕಿಯ ಒಳಗಿನ ಹೊದಿಕೆ ಬಿಚ್ಚಿದೆ. ಅದು ಮತ್ತೆ ಮತ್ತೆ ಅಡ್ಡ ಬರುತ್ತಿತ್ತೆಂದು, ಚಕ್ರ ಬಿಚ್ಚುವ ಕಬ್ಬಿಣದ ಟಾಮಿಯನ್ನು ಅದಕ್ಕೆ ಆಸರೆ ಕೊಟ್ಟೆ. ಬಾಗಿ, ಕಣ್ಣನ್ನು ಒಳಗೇ ನೆಟ್ಟು, ಕೈ ಚಾಚಿ ಬಟನ್ ಒತ್ತಿದೆ.

ಎಂಥ ಚಂದದ ಕೆಲಸ! ಒಂದು ತೋಳು ಇನ್ನೊಂದಕ್ಕೆ ಜಾಗ ಬಿಟ್ಟುಕೊಡುತ್ತ, ನಿಧಾನವಾಗಿ... ನಾನು ಟಾಮಿಯನ್ನು ಮರೆತೇಬಿಟ್ಟಿದ್ದೆ. ಪಂಪು ಮರೆಯಲಿಲ್ಲ. ಅಡ್ಡ ಸಿಕ್ಕಿದ್ದನ್ನು ತನ್ನ ಬಲವನ್ನೆಲ್ಲ ಹಾಕಿ ಒತ್ತಿತು. ಲಟಕ್ಕೆಂದು ತೋಳು ಮುರಿಯಿತು, ಬಟ್ಟೆ ಹರಿಯಿತು, ಹಿಂದಿನ ಗಾಜು ಕಿತ್ತು ಬಂತು.

ಟಾಮಿ ತೆಗೆದು ಅದರ ಜಾಗದಲ್ಲಿಟ್ಟೆ. ಹೊದಿಕೆ ಮೊದಲಿನಂತೆ ಕೂಡಿಸಿದೆ. ಇದನ್ನೆಲ್ಲ ಅವಸರವಿಲ್ಲದೆ ಮಾಡಿದೆ — ಇದನ್ನೂ ಹೇಳಿಬಿಡಬೇಕು.

ಬೆಂಗಳೂರಿನ ಶೋರೂಮಿಗೆ ಫೋನು ಮಾಡಿದೆ. ಮುರಿದ ತೋಳು ಒಂದನ್ನೇ ಕೊಡುವುದಿಲ್ಲವಂತೆ, ಚೌಕಟ್ಟು ಇಡಿಯಾಗಿಯೇ ಕೊಳ್ಳಬೇಕಂತೆ. ಅವರು ಹೇಳಿದ ಬೆಲೆಗೆ ನಮ್ಮಲ್ಲಿ ಒಳ್ಳೆಯ ಹಳೇ ಜೀಪೇ ಬರುತ್ತಿತ್ತು. ಇಂಥ ಕಾರುಗಳ ಹಣೆಬರಹವೇ ಅದು ಎಂದು ಆಮೇಲೆ ಓದಿ ತಿಳಿದುಕೊಂಡೆ. ನಿಂತಲ್ಲೇ ಬ್ಯಾಟರಿ ಇಳಿಯುತ್ತದೆ, ರಸ್ತೆಯ ಉಬ್ಬಿಗೆಲ್ಲ ಹೊಟ್ಟೆ ತಾಗುತ್ತದೆ. ಕೆಡುವುದು ಬೆರಳಷ್ಟು, ಬದಲಿಸುವುದು ಆಳೆತ್ತರ. ಕೊಳ್ಳುವುದು ಸುಲಭ, ಸಾಕುವುದು ಕಷ್ಟ.

ಸಂಜೆ ಸಾವಕಾರರು ಬಂದರು. ಯಲ್ಲಪ್ಪನೂ ಬಂದು ಅವರ ಹಿಂದೆ ನಿಂತ.

"ಏನಾತಿದು?" ಎಂದರು ಸಾವಕಾರರು.

ನಾನು ಹೇಳಿದೆ: "ಡಿಕ್ಕಿಯೊಳಗ ಏನರ ಸಾಮಾನಿದ್ದಾಗ ಟಾಪ್ ಮಡಚಿದ್ರ ಹಿಂಗ ಆಕ್ಕೈತ್ರಿ."

ಅಷ್ಟೇ. ಅದು ನಿಜವಾದ ಮಾತು. ಯಾರ ಹೆಸರನ್ನೂ ನಾನು ಎತ್ತಲಿಲ್ಲ. ಯಲ್ಲಪ್ಪ ಆ ಮುರಿದ ತೋಳನ್ನು ನೋಡಿದ, ಮೂಲೆಯ ಚೀಲವನ್ನು ನೋಡಿದ. "ಕಾಯಿ ಚೀಲ ಇತ್ರಿ ಸಾವಕಾರ್ರ," ಎಂದ, "ತಪ್ಪು ನಂದ ಐತಿ."

ಅವನು ಯಾರಿಗೂ ಹೆದರಿ ಹಾಗೆ ಹೇಳಲಿಲ್ಲ. ನಂಬಿ ಹೇಳಿದ! ತಾನು ಮಾಡದ ತಪ್ಪನ್ನು ಮನುಷ್ಯ ಅಷ್ಟು ಬೇಗ ಹೇಗೆ ನಂಬುತ್ತಾನೆ? ಬಂದಾಗ ತೋಳು ಗಟ್ಟಿಯಾಗಿತ್ತಲ್ಲ, ಗಾಜು ಇತ್ತಲ್ಲ ಎಂದು ಏಕೆ ನೆನಪಿಸಿಕೊಳ್ಳಲಿಲ್ಲ? ಮಿಸ್ತ್ರಿ ಬಲ್ಲವನು ಎಂಬ ಭರವಸೆಯೇ? ನನಗೆ ಇಂದಿಗೂ ತಿಳಿದಿಲ್ಲ. ಸಾವಕಾರರು ಅಲ್ಲೇ ಅವನನ್ನು ಕೆಲಸದಿಂದ ಬಿಡಿಸಿದರು. ಕಾರನ್ನು ತಾಡಪತ್ರಿ ಹೊದಿಸಿ ಬೆಳಗಾವಿಯ ಯಾರಿಗೋ ಮಾರಿದರು.

ಹೋದ ಚಳಿಗಾಲ ಮುಂಡಗೋಡದ ಆಚೆ ಪಾಳಾದಲ್ಲಿ ಕೆಟ್ಟು ನಿಂತ ಪಿಕಪ್ಪೊಂದನ್ನು ನೋಡಲು ಹೋಗಿದ್ದೆ. ಗೋವಿನಜೋಳದ ಗೋಡೌನಿನ ಮುಂದೆ ಕಾವಲಿಗೆ ಕೂತವನು ಎದ್ದು ಬಂದ — ಯಲ್ಲಪ್ಪ. ಹೆಂಡತಿಯ ತವರೂರು ಅದು. ಆ ಸಂಜೆಯ ನಂತರ ಅವನು ಸ್ಟಿಯರಿಂಗ್ ಮುಟ್ಟಿಲ್ಲವಂತೆ. ನನ್ನ ಕೈ ಹಿಡಿದು, "ನಿಮ್ಮ ಉಪಕಾರ ಮರ್ತಿಲ್ರಿ ಮಿಸ್ತ್ರಿ. ಅವತ್ತ ನಿಮಗ ಗೊತ್ತಿದ್ದೂ ನೀವು ನನ್ನ ಹೆಸರು ಹೇಳ್ಲಿಲ್ಲ" ಎಂದ.

ಚಹಾ ಕುಡಿಸಿದ. ಕುಡಿದೆ. ಪಿಕಪ್ಪು ರಿಪೇರಿ ಮಾಡಿ ಹೊರಟೂ ಬಿಟ್ಟೆ. ಮುಂಡಗೋಡದ ತನಕ ಬಂದವನಿಗೆ ಮುಂದೆ ಹೋಗಲಾಗಲಿಲ್ಲ. ಗಾಡಿ ತಿರುಗಿಸಿದೆ.

ಟಾಮಿ ಇಟ್ಟಲ್ಲಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅವನು ಬಯ್ಯಲಿಲ್ಲ. ಬಹಳ ಹೊತ್ತು ತನ್ನ ಎರಡೂ ಅಂಗೈಗಳನ್ನು ಮುಂದೆ ಹಿಡಿದು ನೋಡಿಕೊಂಡ. ಆಮೇಲೆ, "ನಮ್ಮ ಹುಡುಗಿ ಗಾಡಿ ಕಲೀತೇನಿ ಅಂದಾಗ ಬ್ಯಾಡ ಅಂದೆ ಮಿಸ್ತ್ರಿ, ನಮ್ಮ ಕೈಗುಣ ಚಲೋ ಇಲ್ಲಂತ. ನಡೀರಿ, ಅಕಿ ಮುಂದ ಹೇಳ್ರಿ" ಎಂದ.

ಸಾವಕಾರರ ಮುಂದೆ ಹೇಳುವುದು ಇನ್ನೂ ಉಳಿದಿದೆ. ಹಳಿಯಾಳಕ್ಕೆ ಹೋಗುತ್ತೇನೆ, ಕ್ಷಮೆ ಕೇಳಲಿಕ್ಕಲ್ಲ, ಯಲ್ಲಪ್ಪನ ಹೆಸರಿಗೆ ಅಂಟಿದ್ದನ್ನು ತೊಳೆಯಲಿಕ್ಕೆ. ಆದರೆ ಅದು ಅಂದು ಯಲ್ಲಪ್ಪನ ಮನೆಯಲ್ಲಿ ಹೇಳಿದಷ್ಟು ಕಷ್ಟವಾಗಲಾರದು. ಅವನ ಮಗಳು ಸಾವಿತ್ರಿ, ಕಾಲೇಜಿಗೆ ಹೋಗುವ ಹುಡುಗಿ, ಬಾಗಿಲಿಗೆ ಒರಗಿ ನಿಂತು ಕೇಳಿಸಿಕೊಂಡಳು. ನನ್ನ ಮಾತು ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು.

"ತಪ್ಪು ನಂದ ಅಂತ ಅಪ್ಪ ಅಂದಾಗ ನೀವು ಅವರ ಮಾರಿ ನೋಡಿದ್ರೇನ್ರಿ?"

"ನೋಡಿದ್ನವ್ವಾ," ಎಂದೆ.