ಪರದೆಯ ಆಚೆ ಮಾವ, ಈಚೆ ಸೊಸೆ

ಬೆಳಕು ಹರಿಯುವ ಮುಂಚೆಯೇ ಬುರುಲ್ ಬೆರಣಿಯ ಒಲೆ ಹೊತ್ತಿಸಿ, ಚಹಾದ ಬಟ್ಟಲಿಗೆ ಬಿಸಿನೀರು ಸುರಿದು, ಅದರಲ್ಲಿ ಸ್ಕ್ಯಾನಿಂಗ್‌ಗೆ ಹೊಟ್ಟೆಗೆ ಸವರುವ ಲೋಳೆಯ ಸೀಸೆ ನಿಲ್ಲಿಸುತ್ತಾಳೆ. "ತಣ್ಣಗಿದ್ರೆ ತೋಳ ಓಡಿಸೋ ಗಂಡಸ್ರೂ ಕಿರುಚ್ತಾರೆ ಕಣಣ್ಣ," ಎಂದು ನಗುತ್ತಾಳೆ. ನಾರಿನ್ ನದಿಯ ಮೇಲ್ದಂಡೆಯ ನಮ್ಮ ಹಳ್ಳಿಯಲ್ಲಿ ಸ್ಕ್ಯಾನಿಂಗ್ ಮಾಡುವವಳು ಇವಳೊಬ್ಬಳೇ. ಇವಳ ಬಗ್ಗೆ ಪತ್ರಿಕೆಗೆ ಬರೆಯುತ್ತೇನೆ ಎಂದರೆ, "ಅವಳದ್ದೇನಿದೆ ಬರೆಯೋಕೆ?" ಎಂದು ನನ್ನ ಮನೆಯವರೇ ಕೇಳುತ್ತಾರೆ.

ಇಲ್ಲಿ ಸ್ಕ್ಯಾನಿಂಗ್ ಎಂದರೆ ಬಸುರಿಯರದ್ದು ಎಂದೇ ಲೆಕ್ಕ. ಆದರೆ ಬುರುಲ್ ಹೆಚ್ಚಾಗಿ ಹುಡುಕುವುದು ಲಿವರಿನಲ್ಲಿ ಬೆಳೆಯುವ ನೀರುಗುಳ್ಳೆಯನ್ನು. ಕುರಿ ಕೊಯ್ದವರು ನಾಯಿಗೆ ಲಿವರ್ ಎಸೆಯುತ್ತಾರೆ, ನಾಯಿಗೆ ಹುಳು ಹತ್ತುತ್ತದೆ, ನಾಯಿ ಸವರಿದ ಕೈಯಿಂದ ಆ ಹುಳುವಿನ ಮೊಟ್ಟೆ ನಮ್ಮ ಹೊಟ್ಟೆ ಸೇರುತ್ತದೆ. ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದ ಗುಳ್ಳೆ, ಕುದುರೆಯಿಂದ ಬಿದ್ದ ದಿನ ಒಡೆದರೆ ಪ್ರಾಣಕ್ಕೇ ಸಂಚಕಾರ. "ನೋವಿರಲ್ಲ, ಅದಕ್ಕೇ ಯಾರೂ ಬರಲ್ಲ. ಬಂದ್ರೂ 'ನಾನೇನು ಬಸುರಿನಾ?' ಅಂತ ನನ್ನನ್ನೇ ಗದರ್ತಾರೆ," ಎನ್ನುತ್ತಾಳೆ.

ಇವತ್ತು ಬಂದಿರುವವನು ಅವಳ ಮಾವ ಟೋಲೋನ್. ನಾಳೆ ಮಂದೆಯ ಜೊತೆ ಬೇಸಿಗೆಯ ಹುಲ್ಲುಗಾವಲಿಗೆ ಹೊರಟರೆ ಚಳಿ ಬೀಳುವವರೆಗೆ ಬೆಟ್ಟ ಇಳಿಯುವುದಿಲ್ಲ. ಕುದುರೆ ಹತ್ತುವಾಗ ಆತ ಬಲಪಕ್ಕೆ ಒತ್ತಿಕೊಳ್ಳುವುದು ಸೊಸೆಯ ಕಣ್ಣಿಗೆ ಬಿದ್ದಿದೆ. ಹೇಳುವುದು ಹೇಗೆ? ನಮ್ಮಲ್ಲಿ ಸೊಸೆ ಮಾವನ ಹೆಸರೆತ್ತುವುದಿಲ್ಲ, ಎದುರಿಗೆ ದನಿಯೆತ್ತುವುದಿಲ್ಲ. ಇನ್ನು ಅಂಗಿ ಎತ್ತಿ ಹೊಟ್ಟೆ ತೋರಿಸಿ ಅನ್ನುವುದುಂಟೇ! ಕೊನೆಗೆ ಅತ್ತೆ ಉಲ್ಪತ್ ಜಗಳವಾಡಿ ಗಂಡನನ್ನು ಎಳೆತಂದಿದ್ದಾಳೆ.

ಮಧ್ಯೆ ಹೂವಿನ ಪರದೆ. ಆಚೆ ಮಂಚದ ಮೇಲೆ ಮಾವ, ತಲೆಯ ಉದ್ದನೆಯ ಕಲ್ಪಾಕ್ ಟೋಪಿಯನ್ನೂ ತೆಗೆದಿಲ್ಲ. ಈಚೆ ಯಂತ್ರದ ಮುಂದೆ ಸೊಸೆ. ಹೊಟ್ಟೆಯ ಮೇಲೆ ಯಂತ್ರದ ವೈರಿನ ತುದಿಯ ಪ್ರೋಬ್ ಆಡಿಸುತ್ತಿರುವವಳು ಅತ್ತೆ! ಎರಡೂ ಕಡೆ ಕಾಣುವಂತೆ ನಾನು ಪರದೆಯ ಅಂಚಿಗೆ ನಿಂತಿದ್ದೇನೆ.

"ಬಲಗಡೆಗೆ, ಅತ್ತೆ."

"ಯಾರ ಬಲಗಡೆ? ನಂದೋ, ಇವರದ್ದೋ?"

"ಮಾವನವರದ್ದು... ಅಲ್ಲ, ಅದು ಹೊಕ್ಕುಳು."

"ಅಯ್ಯೋ, ಬೆಣ್ಣೆ ಮೇಲಿಟ್ಟ ಹಾಗೆ ಜಾರುತ್ತಲ್ಲೇ!"

"ಏ ಮುದುಕಿ, ಕಚಗುಳಿ ಇಡಬೇಡ!" ಮಾವ ಗುಡುಗುತ್ತಾನೆ.

ಯಂತ್ರದ ತೆರೆಯ ಮೇಲೆ ಬೂದು ಬಣ್ಣ ಕಲಕುತ್ತದೆ. ನನಗಂತೂ ತಲೆಬುಡ ತಿಳಿಯುತ್ತಿಲ್ಲ. ಗಾಬರಿಯ ಸಂಗತಿ ಎಂದರೆ ಬುರುಲ್‌ಗೂ ತಿಳಿಯುತ್ತಿಲ್ಲ. ಕಪ್ಪು ದುಂಡೊಂದು ಮೂಡುತ್ತದೆ, ಮಾಯವಾಗುತ್ತದೆ. ಗುಳ್ಳೆಯೋ, ಪಿತ್ತಕೋಶವೋ?

"ಇದೆ ಅಂತ ಅವರನ್ನ ನಿಲ್ಲಿಸಿ, ಆಮೇಲೆ ಇಲ್ಲ ಅಂತಾದ್ರೆ ನಾನು ಮನೇಲಿ ಹೇಗೆ ಮುಖ ತೋರಿಸ್ಲಿ ಅಣ್ಣ? ಇಲ್ಲ ಅಂತ ಕಳಿಸಿ, ಇದ್ಬಿಟ್ರೆ?" ಪಿಸುಗುಡುತ್ತಾಳೆ. ಅವಳ ಬಲಗೈ ತಾನೇ ಪ್ರೋಬ್ ಹಿಡಿದಂತೆ ಮಡಿಲಲ್ಲೇ ಹಿಂದೆ ಮುಂದೆ ಆಡುತ್ತಿದೆ.

"ಕಾಣಿಸ್ತಾ ಇಲ್ಲ ಅತ್ತೆ," ಎಂದುಬಿಡುತ್ತಾಳೆ ಅಳುದನಿಯಲ್ಲಿ. "ನನ್ನ ಕೈ ಆಗಿದ್ದಿದ್ರೆ..."

ಆಚೆ ಮಂಚ ಕಿರುಗುಟ್ಟುತ್ತದೆ. ಪರದೆ ಸರಕ್ಕನೆ ಸರಿಯುತ್ತದೆ. ಸರಿಸಿದವನು ಟೋಲೋನ್. ಯಾರತ್ತಲೂ ನೋಡದೆ ಮತ್ತೆ ಮಲಗಿ, ಕಲ್ಪಾಕನ್ನು ಮುಖದ ಮೇಲೆ ಎಳೆದುಕೊಳ್ಳುತ್ತಾನೆ.

"ನಾನು ಯಾರನ್ನೂ ನೋಡ್ತಾ ಇಲ್ಲ. ಸೊಸೆ ಕೈಗೆ ಕೊಡೇ."

ಬುರುಲ್ ಪ್ರೋಬ್ ಇಡುತ್ತಲೇ ಕಲಕುತ್ತಿದ್ದ ಬೂದು ನಿಲ್ಲುತ್ತದೆ. ಪಿತ್ತಕೋಶ ಇಲ್ಲಿದೆ ಎಂದು ಬೆರಳಿಟ್ಟು ತೋರಿಸುತ್ತಾಳೆ. ಅದರಿಂದಾಚೆ, ಲಿವರಿನೊಳಗೆ, ಮುಷ್ಟಿಯಷ್ಟು ದೊಡ್ಡ ದುಂಡು, ಅದರ ಹೊಟ್ಟೆಯಲ್ಲಿ ಮರಿ ದುಂಡುಗಳು. ಉಲ್ಪತ್ ಬಾಯಿಗೆ ತಲೆವಸ್ತ್ರದ ಅಂಚು ಒತ್ತಿಕೊಳ್ಳುತ್ತಾಳೆ.

"ಇದೆಯಾ?" ಟೋಪಿಯೊಳಗಿನಿಂದ ದನಿ.

"ಇದೆ, ಮಾವ." ಈ ಸಲ ಪಿಸುಮಾತಲ್ಲ.

"ಕುದುರೆ ಹತ್ತೋ ಹಾಗಿಲ್ವಾ?"

"ಇಲ್ಲ. ನಾಳೆ ಪಟ್ಟಣದ ಆಸ್ಪತ್ರೆಗೆ ಹೋಗ್ಬೇಕು."

ಒಲೆಯಲ್ಲಿ ಬೆರಣಿ ಕುಸಿಯುತ್ತದೆ. "ಸರಿ. ಮಂದೆ ನನ್ನ ತಮ್ಮ ಹೊಡ್ಕೊಂಡು ಹೋಗ್ಲಿ," ಅನ್ನುತ್ತಾನೆ ಮುದುಕ.

ಹೊರಗೆ ಬಿಸಿಲಿಗೆ ಕೂತ ಕುರಿಗಾಹಿಗಳು ಮುದುಕನಿಗಾಗಿ ಕಾಯುತ್ತಿದ್ದಾರೆ. "ಏನಣ್ಣಾ, ಗಂಡೋ ಹೆಣ್ಣೋ?" ಒಬ್ಬ ಕೀಟಲೆ ಮಾಡುತ್ತಾನೆ. ಟೋಲೋನ್ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಅವರ ಮುಂದೆ ನಿಲ್ಲುತ್ತಾನೆ.

"ನಗೋದು ಸಾಕು, ಒಬ್ಬೊಬ್ಬರೇ ಒಳಗೆ ನಡೀರಿ. ನಾಚಿಕೆ ಆದ್ರೆ ಟೋಪಿ ಮುಖದ ಮೇಲೆ ಹಾಕ್ಕೊಳ್ಳಿ. ನನ್ನ ಸೊಸೆ ನೋಡ್ತಾಳೆ."